ವಿಕ್ಟೋರಿಯಾದ ಹೆಲ್ಮೆಟ್ ನಿಯಮ: ಸವಾರನಿಗೆ 1990ರಲ್ಲಿ, ಚಾಲಕನಿಗೆ ಅಂತರದ ನಿಯಮ 2021ರಲ್ಲಿ

1990ರ ಜುಲೈ 1ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಸೈಕಲ್ ತುಳಿಯುವ ಎಲ್ಲರಿಗೂ ವಯಸ್ಸಿನ ಭೇದವಿಲ್ಲದೆ ಹೆಲ್ಮೆಟ್ ಕಡ್ಡಾಯವಾಯಿತು. ಮಕ್ಕಳು, ವಯಸ್ಕರು ಎನ್ನದೆ ಇಡೀ ಜನಸಮುದಾಯಕ್ಕೆ ಇಂಥ ನಿಯಮವನ್ನು ಅನ್ವಯಿಸಿದವರಲ್ಲಿ ಜಗತ್ತಿನಲ್ಲೇ ಅದು ಮೊದಲನೆಯದು. ಸೈಕಲ್ಲನ್ನು ಹಿಂದಿಕ್ಕುವಾಗ ಮೋಟಾರು ವಾಹನದ ಚಾಲಕ ಕನಿಷ್ಠ ಒಂದು ಮೀಟರ್ ಅಂತರ ಬಿಡಬೇಕು, ವೇಗಮಿತಿ ಗಂಟೆಗೆ 60 ಕಿ.ಮೀ.ಗಿಂತ ಹೆಚ್ಚಿರುವ ರಸ್ತೆಯಲ್ಲಿ ಒಂದೂವರೆ ಮೀಟರ್ ಬಿಡಬೇಕು ಎಂಬ ನಿಯಮ ಅದೇ ರಾಜ್ಯದಲ್ಲಿ ಜಾರಿಗೆ ಬಂದದ್ದು 2021ರ ಏಪ್ರಿಲ್ 26ರಂದು. ಈ ಎರಡು ದಿನಾಂಕಗಳ ನಡುವೆ ಹೆಚ್ಚುಕಡಿಮೆ ಮೂವತ್ತೊಂದು ವರ್ಷಗಳ ಅಂತರವಿದೆ. ರಸ್ತೆಯಲ್ಲಿ ಒಬ್ಬರ ಜೀವಕ್ಕೆ ಯಾರು ಹೊಣೆ ಎಂಬ ಪ್ರಶ್ನೆಗೆ ಒಂದು ಸರ್ಕಾರ ಎಷ್ಟು ಬೇಗ ಯಾರನ್ನು ಹೊಣೆ ಮಾಡಿತು, ಇನ್ನೊಬ್ಬರನ್ನು ಹೊಣೆ ಮಾಡಲು ಎಷ್ಟು ಕಾಲ ತೆಗೆದುಕೊಂಡಿತು ಎಂಬುದನ್ನು ಈ ಪ್ರಕರಣದ ಮೂಲಕ ಪರಿಶೀಲಿಸಬಹುದು.

ಹೆಲ್ಮೆಟ್ ಉಪಯುಕ್ತವೇ ಅಲ್ಲವೇ ಎಂಬ ಜಗಳಕ್ಕೆ ಈ ಬರಹ ಇಳಿಯುವುದಿಲ್ಲ. ಅದು ಉಪಯುಕ್ತ. ಅದನ್ನು ಕಡ್ಡಾಯಗೊಳಿಸಿದಾಗ ಏನಾಯಿತು ಎಂಬುದು ಬೇರೆಯೇ ಪ್ರಶ್ನೆ, ಮತ್ತು ಆ ಪ್ರಶ್ನೆಗೆ ವಿಕ್ಟೋರಿಯಾದಷ್ಟು ವಿವರವಾದ ಅಂಕಿಅಂಶಗಳನ್ನು ಉಳಿಸಿಕೊಂಡಿರುವ ಪ್ರದೇಶಗಳು ವಿರಳ.

ನಿಯಮದ ಹಿನ್ನೆಲೆ

ರಸ್ತೆ ಸುರಕ್ಷತೆಯ ವಿಷಯದಲ್ಲಿ ವಿಕ್ಟೋರಿಯಾಕ್ಕೆ ಮೊದಲಿಗನಾಗುವ ಅಭ್ಯಾಸವೇ ಇತ್ತು. ಕಾರಿನಲ್ಲಿ ಸೀಟ್ ಬೆಲ್ಟ್ ಧರಿಸುವುದನ್ನು 1970ರ ಕೊನೆಯಲ್ಲಿ ಜಗತ್ತಿನಲ್ಲೇ ಮೊದಲು ಕಡ್ಡಾಯಗೊಳಿಸಿದ್ದು ಈ ರಾಜ್ಯ. ಆ ವರ್ಷ ಅಲ್ಲಿನ ರಸ್ತೆಗಳಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಬೆಲ್ಟ್ ಬಂದ ಮೇಲೆ ಕಾರಿನೊಳಗಿನ ಸಾವುಗಳು ಇಳಿದದ್ದನ್ನು ಕಣ್ಣಾರೆ ಕಂಡ ಶಸ್ತ್ರವೈದ್ಯರು, ಒಂದು ಸರಳ ರಕ್ಷಣಾ ಸಾಧನವನ್ನು ಕಾನೂನಿನ ಬಲದಿಂದ ಎಲ್ಲರಿಗೂ ತಲುಪಿಸಿದರೆ ಸಾವಿರಾರು ಜೀವ ಉಳಿಯುತ್ತವೆ ಎಂಬ ಪಾಠವನ್ನು ಅದರಿಂದ ಕಲಿತರು. ಸೈಕಲ್ ಹೆಲ್ಮೆಟ್ಟಿನ ಬೇಡಿಕೆಗೆ ಒತ್ತಾಸೆಯಾಗಿ ನಿಂತವರಲ್ಲಿ ಅವರೇ ಮುಖ್ಯರು. ತಲೆಗೆ ಪೆಟ್ಟು ಬಿದ್ದ ಮಕ್ಕಳನ್ನು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ನೋಡಿದವರ ಒತ್ತಾಯದಲ್ಲಿದ್ದ ಕಳಕಳಿಯನ್ನು ಯಾರೂ ಶಂಕಿಸಲಾಗದು.

ನಿಯಮವನ್ನು ದಿಢೀರನೆ ಹೇರಲಿಲ್ಲ ಎಂಬುದನ್ನೂ ಹೇಳಬೇಕು. 1980ರ ದಶಕದ ಉದ್ದಕ್ಕೂ ಶಾಲೆಗಳಲ್ಲಿ ಸೈಕಲ್ ತರಬೇತಿ, ಹೆಲ್ಮೆಟ್ ಖರೀದಿಗೆ ರಿಯಾಯಿತಿ, ಪ್ರಚಾರ ಎಲ್ಲವೂ ನಡೆದವು. ದಶಕದ ಆರಂಭದ ವರ್ಷಗಳಲ್ಲಿ ಸುಮಾರು ಶೇ. 5ರಷ್ಟಿದ್ದ ಬಳಕೆ 1990ರ ಮಾರ್ಚ್ ಹೊತ್ತಿಗೆ ಶೇ. 31ಕ್ಕೆ ಏರಿತ್ತು, ಅದೂ ಜನರ ಸ್ವಂತ ಇಚ್ಛೆಯಿಂದ. ನಿಯಮ ಜಾರಿಗೆ ಬಂದು ಒಂದು ವರ್ಷ ತುಂಬುವ ಮೊದಲೇ, ಅಂದರೆ 1991ರ ಮಾರ್ಚ್‌ನಲ್ಲಿ, ಅದು ಶೇ. 75 ತಲುಪಿತು. ಆಡಳಿತದ ದೃಷ್ಟಿಯಿಂದ ನೋಡಿದರೆ ಇಷ್ಟು ವೇಗವಾಗಿ ಜನರ ನಡವಳಿಕೆಯನ್ನು ಬದಲಿಸಿದ ಕಾನೂನುಗಳು ಕಡಿಮೆ.

1989ರ ಡಿಸೆಂಬರ್‌ನಲ್ಲಿ ಪ್ರಧಾನಿ ಬಾಬ್ ಹಾಕ್ ಅವರ ಕೇಂದ್ರ ಸರ್ಕಾರ ಹತ್ತು ಅಂಶಗಳ ರಸ್ತೆ ಸುರಕ್ಷತಾ ಕಾರ್ಯಕ್ರಮವೊಂದನ್ನು ಪ್ರಕಟಿಸಿ, ಅಪಘಾತಗಳು ಪದೇ ಪದೇ ನಡೆಯುವ ಜಾಗಗಳನ್ನು ಸರಿಪಡಿಸಲು ಕೊಡುವ ಅನುದಾನಕ್ಕೆ ಆ ಅಂಶಗಳ ಜಾರಿಯನ್ನು ಷರತ್ತಾಗಿ ಇಟ್ಟಿತು. ಸೈಕಲ್ ಹೆಲ್ಮೆಟ್ ಅವುಗಳಲ್ಲಿ ಒಂದಾಗಿತ್ತು. ಹೀಗಾಗಿ ವಿಕ್ಟೋರಿಯಾದ ಫಲಿತಾಂಶಗಳನ್ನು ಯಾರೂ ಪೂರ್ತಿಯಾಗಿ ಅಳೆಯುವ ಮುನ್ನವೇ, 1992ರ ಒಳಗೆ, ಆಸ್ಟ್ರೇಲಿಯಾದ ಎಲ್ಲ ರಾಜ್ಯಗಳೂ ಪ್ರಾಂತ್ಯಗಳೂ ಅದೇ ನಿಯಮ ತಂದವು. ಉತ್ತರ ಪ್ರಾಂತ್ಯ ಮಾತ್ರ 1994ರಲ್ಲಿ ಸ್ವಲ್ಪ ಹಿಂದೆ ಸರಿದು, 17 ವರ್ಷ ದಾಟಿದವರು ಕಾಲುದಾರಿಯಲ್ಲೂ ಸೈಕಲ್ ಪಥದಲ್ಲೂ ಹೆಲ್ಮೆಟ್ ಇಲ್ಲದೆ ಹೋಗಬಹುದೆಂದು ಸಡಿಲಿಸಿತು. ನ್ಯೂಜಿಲೆಂಡ್ ಅದೇ ವರ್ಷದ ಜನವರಿಯಲ್ಲಿ ಆಸ್ಟ್ರೇಲಿಯಾದ ದಾರಿ ಹಿಡಿದಿತ್ತು.

ಅಂಕಿಅಂಶಗಳು ಹೇಳಿದ್ದು

ವಿಕ್ಟೋರಿಯಾದಲ್ಲಿ ಮೋಟಾರು ವಾಹನದಿಂದ ಗಾಯಗೊಂಡವರಿಗೆ, ತಪ್ಪು ಯಾರದ್ದೇ ಆಗಿರಲಿ, ಚಿಕಿತ್ಸೆಯ ವೆಚ್ಚ ಭರಿಸುವ ಸಾರಿಗೆ ಅಪಘಾತ ಆಯೋಗವೊಂದಿದೆ. ಇದು 1987ರಿಂದ ಕೆಲಸ ಮಾಡುತ್ತಿದೆ. ಅದರ ಪರಿಹಾರ ಅರ್ಜಿಗಳ ದಾಖಲೆಯನ್ನು ಹಿಡಿದು ಮೋನಾಶ್ ವಿಶ್ವವಿದ್ಯಾಲಯದ ಅಪಘಾತ ಸಂಶೋಧನಾ ಕೇಂದ್ರದ ತಂಡ ನಡೆಸಿದ ಅಧ್ಯಯನ ಈ ಪ್ರಕರಣದ ಮುಖ್ಯ ಸಾಕ್ಷ್ಯ. ವಾಹನ ಡಿಕ್ಕಿಯಿಂದ ಸತ್ತ ಅಥವಾ ಆಸ್ಪತ್ರೆ ಸೇರಿದ ಸೈಕಲ್ ಸವಾರರಲ್ಲಿ ತಲೆಗೆ ಪೆಟ್ಟಾದವರ ಸಂಖ್ಯೆ ನಿಯಮ ಬಂದ ಮೊದಲ ವರ್ಷದಲ್ಲಿ ಶೇ. 48ರಷ್ಟೂ ಎರಡನೆಯ ವರ್ಷದಲ್ಲಿ ಶೇ. 70ರಷ್ಟೂ ಕಡಿಮೆಯಾಗಿತ್ತು. ನಿಯಮದ ಪರ ವಾದಿಸುವವರು ಇಂದಿಗೂ ಎತ್ತಿ ಹಿಡಿಯುವುದು ಈ ಎರಡು ಅಂಕಿಗಳನ್ನೇ.

ಅದೇ ಅಧ್ಯಯನದಲ್ಲಿ ಇನ್ನೆರಡು ಅಂಕಿಗಳಿವೆ. ಅವುಗಳ ಪ್ರಸ್ತಾಪ ಅಷ್ಟಾಗಿ ಆಗುವುದಿಲ್ಲ. ತಲೆಗೆ ಪೆಟ್ಟಾಗದೆ, ದೇಹದ ಬೇರೆ ಭಾಗಗಳಿಗೆ ಗಾಯವಾಗಿ ಸತ್ತ ಅಥವಾ ಆಸ್ಪತ್ರೆ ಸೇರಿದ ಸವಾರರ ಸಂಖ್ಯೆಯೂ ಅದೇ ಎರಡು ವರ್ಷಗಳಲ್ಲಿ ಕ್ರಮವಾಗಿ ಶೇ. 23 ಮತ್ತು ಶೇ. 28ರಷ್ಟು ಇಳಿದಿತ್ತು. ಹೆಲ್ಮೆಟ್ ಕಾಲಿನ ಮೂಳೆಯನ್ನು ಕಾಯುವುದಿಲ್ಲ, ಪಕ್ಕೆಲುಬನ್ನೂ ಕಾಯುವುದಿಲ್ಲ. ಆದ್ದರಿಂದ ಈ ಎರಡನೆಯ ಇಳಿಕೆಗೆ ಕಾರಣ ಹೆಲ್ಮೆಟ್ ಆಗಿರಲು ಸಾಧ್ಯವಿಲ್ಲ. ರಸ್ತೆಯಲ್ಲಿ ಸೈಕಲ್ಲುಗಳೇ ಕಡಿಮೆಯಾಗಿರಬೇಕು, ಇಲ್ಲವೇ ವಾಹನಗಳು ಗುದ್ದುವುದು ಕಡಿಮೆಯಾಗಿರಬೇಕು, ಅಥವಾ ಎರಡೂ ನಡೆದಿರಬೇಕು. ಮೊದಲಿದ್ದ ನೂರು ಗಾಯಾಳುಗಳ ಲೆಕ್ಕದಲ್ಲಿ ಹೇಳುವುದಾದರೆ, ಎರಡನೆಯ ವರ್ಷಕ್ಕೆ ಇತರ ಗಾಯಗಳವರು 72 ಆದಾಗ ತಲೆಯ ಗಾಯದವರು 30 ಆಗಿದ್ದರು. ಎಲ್ಲರಿಗೂ ಸಮಾನವಾಗಿ ಆದ ಇಳಿಕೆಯನ್ನು ಕಳೆದಿಟ್ಟರೂ ತಲೆಗೆ ಆಗುವ ಪೆಟ್ಟು ಅರ್ಧಕ್ಕಿಂತ ಹೆಚ್ಚು ಕುಗ್ಗಿದೆ. ಈ ಭಾಗದಲ್ಲಿ ಬಹುಪಾಲು ಹೆಲ್ಮೆಟ್ಟಿಗೆ ಸಲ್ಲಬೇಕಾದ ಶ್ರೇಯಸ್ಸೇ ಎಂದು ನಾನು ಭಾವಿಸುತ್ತೇನೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ, ಅಪಘಾತಕ್ಕೆ ಒಳಗಾದ ಸವಾರರಲ್ಲಿ ಹೆಲ್ಮೆಟ್ ಧರಿಸಿದವರಿಗೆ ತಲೆಗೆ ಪೆಟ್ಟಾಗುವ ಸಂಭವ ಸುಮಾರು ಅರ್ಧದಷ್ಟು ಕಡಿಮೆ, ಗಂಭೀರ ಪೆಟ್ಟಾಗುವ ಸಂಭವ ಅದಕ್ಕಿಂತಲೂ ಕಡಿಮೆ ಎಂದೇ ಹೇಳಿತು. ಹಾಗಿದ್ದರೂ ಇತರ ಗಾಯಗಳಲ್ಲಾದ ಆ ಶೇ. 28ರ ಇಳಿಕೆಯನ್ನು ಸುಮ್ಮನೆ ದಾಟಿಹೋಗಲು ಬರುವುದಿಲ್ಲ. ಈ ಪ್ರಕರಣದ ಹೊಣೆಗಾರಿಕೆಯ ಪ್ರಶ್ನೆ ಅಡಗಿರುವುದು ಅಲ್ಲಿಯೇ.

ಅದಕ್ಕೆ ಎರಡು ಕಾರಣಗಳು ಕಣ್ಣಿಗೆ ಬೀಳುತ್ತವೆ. ಮೊದಲನೆಯದು ಚಾಲಕರಿಗೆ ಸಂಬಂಧಿಸಿದ್ದು. 1989ರ ಕೊನೆಯಿಂದ ವಿಕ್ಟೋರಿಯಾ ಸರ್ಕಾರ ಕುಡಿದು ವಾಹನ ಓಡಿಸುವವರ ತಪಾಸಣೆಯನ್ನು ಹಿಂದೆಂದೂ ಇಲ್ಲದಷ್ಟು ಬಿಗಿಗೊಳಿಸಿತು, ವೇಗ ಪತ್ತೆ ಮಾಡುವ ಕ್ಯಾಮೆರಾಗಳನ್ನು ವ್ಯಾಪಕವಾಗಿ ಬಳಸತೊಡಗಿತು, ಅಪಘಾತದ ಪರಿಣಾಮಗಳನ್ನು ಮುಚ್ಚುಮರೆಯಿಲ್ಲದೆ ತೋರಿಸುವ ಟಿ.ವಿ. ಜಾಹೀರಾತುಗಳನ್ನು ಅದೇ ಅಪಘಾತ ಆಯೋಗದ ಹಣದಿಂದ ಪ್ರಸಾರ ಮಾಡಿತು. 1989ರಲ್ಲಿ ರಾಜ್ಯದ ರಸ್ತೆಗಳಲ್ಲಿ 770ಕ್ಕೂ ಹೆಚ್ಚು ಮಂದಿ ಸತ್ತಿದ್ದರೆ 1992ರಲ್ಲಿ ಆ ಸಂಖ್ಯೆ 400ಕ್ಕಿಂತ ಕೆಳಗಿಳಿಯಿತು. ಹೆಲ್ಮೆಟ್ಟಿಗೂ ತಮಗೂ ಸಂಬಂಧವೇ ಇಲ್ಲದ ಪಾದಚಾರಿಗಳು, ಕಾರಿನ ಪ್ರಯಾಣಿಕರು ಕೂಡ ಇದರಿಂದ ಬದುಕಿದರು. ಚಾಲಕರ ವೇಗವನ್ನೂ ಕುಡಿತವನ್ನೂ ಹಿಡಿತಕ್ಕೆ ತಂದರೆ ಮೂರು ವರ್ಷಗಳೊಳಗೆ ಸಾವುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಹುದು ಎಂಬ ಈ ಸಾಧನೆ ಹೆಲ್ಮೆಟ್ ಚರ್ಚೆಯ ನೆರಳಿನಲ್ಲಿ ಮರೆಯಾಗಿರುವುದು ದುಃಖದ ಸಂಗತಿ.

ಎರಡನೆಯ ಕಾರಣ ಅಷ್ಟು ಸಂತೋಷದ್ದಲ್ಲ. ಮೆಲ್ಬರ್ನ್ ನಗರದಲ್ಲಿ 1990ರ ಮೇ ತಿಂಗಳಲ್ಲಿ, ಅಂದರೆ ನಿಯಮಕ್ಕೆ ಮುಂಚೆ, ಗೊತ್ತುಪಡಿಸಿದ ಸ್ಥಳಗಳಲ್ಲಿ ನಿಂತು ಸೈಕಲ್ ಸವಾರರನ್ನು ಎಣಿಸಿದ್ದರು. ಮರುವರ್ಷ ಅದೇ ಕಾಲದಲ್ಲಿ ಮತ್ತೆ ಎಣಿಸಿದಾಗ ಒಟ್ಟು ಸಂಖ್ಯೆ ಶೇ. 36ರಷ್ಟು ಕುಸಿದಿತ್ತು. ಹದಿಹರೆಯದವರಲ್ಲಿ ಕುಸಿತ ಶೇ. 40ನ್ನೂ ಮೀರಿತ್ತು. ನ್ಯೂ ಸೌತ್ ವೇಲ್ಸ್‌ನ ಸಂಖ್ಯಾಶಾಸ್ತ್ರಜ್ಞೆ ಡೊರೊಥಿ ರಾಬಿನ್ಸನ್ 1996ರಲ್ಲಿ ಈ ಎಣಿಕೆಗಳನ್ನು ಮತ್ತೆ ಕೆದಕಿ, ತಲೆಯ ಗಾಯಗಳು ಇಳಿದದ್ದರಲ್ಲಿ ಒಂದು ಪಾಲು ಸೈಕಲ್ ಬಿಟ್ಟವರದ್ದು ಎಂದು ವಾದಿಸಿದರು. 1992ರ ಎಣಿಕೆಯಲ್ಲಿ ವಯಸ್ಕರ ಸಂಖ್ಯೆ ಚೇತರಿಸಿಕೊಂಡಂತೆ ಕಂಡದ್ದಕ್ಕೂ, ಒಂದು ಸ್ಥಳದಲ್ಲಿ ಎಣಿಕೆಯ ಹೊತ್ತಿಗೆ ಸೈಕಲ್ ರ್‍ಯಾಲಿಯೊಂದು ಹಾದುಹೋದದ್ದು ಕಾರಣವೆಂದು ಅವರು ತೋರಿಸಿಕೊಟ್ಟರು. ಎಣಿಕೆಯ ಸ್ಥಳಗಳು ಕಡಿಮೆ, ಹವಾಮಾನದಿಂದ ವ್ಯತ್ಯಾಸವಾಗುತ್ತದೆ ಎಂಬ ಪ್ರತಿವಾದಗಳೂ ಬಂದಿವೆ, ಅವುಗಳಲ್ಲಿ ಹುರುಳಿದೆ. ಆದರೆ ಶಾಲೆಗೆ ಸೈಕಲ್ ತುಳಿಯುತ್ತಿದ್ದ ಹುಡುಗ ಹುಡುಗಿಯರು ಕಡಿಮೆಯಾದರು ಎಂಬುದನ್ನು ಆ ಪ್ರತಿವಾದಗಳಿಂದ ಅಳಿಸಲಾಗದು. ಸುರಕ್ಷತೆಯ ಹೆಸರಿನ ಒಂದು ಕ್ರಮ, ಸ್ವಂತ ಬಲದಿಂದ ಓಡಾಡಲು ಕಲಿಯುವ ವಯಸ್ಸಿನವರನ್ನೇ ರಸ್ತೆಯಿಂದ ಹೊರಗಿಟ್ಟರೆ ಅದನ್ನು ಆ ಕ್ರಮದ ವೆಚ್ಚವೆಂದೇ ಬರೆದುಕೊಳ್ಳಬೇಕು.

ಹೆಲ್ಮೆಟ್ಟಿನ ಮಿತಿ

ಸೈಕಲ್ ಹೆಲ್ಮೆಟ್ಟಿನ ಒಳಪದರ ಥರ್ಮಾಕೋಲ್ ಜಾತಿಯ ಗಟ್ಟಿ ನೊರೆ. ಪೆಟ್ಟು ಬಿದ್ದಾಗ ಅದು ತಾನು ಜಜ್ಜಿಹೋಗಿ, ತಲೆ ನಿಲ್ಲಲು ಬೇಕಾದ ಸಮಯವನ್ನು ಕೆಲವು ಮಿಲಿಸೆಕೆಂಡುಗಳಷ್ಟು ಹಿಗ್ಗಿಸಿ, ಮಿದುಳಿಗೆ ತಲುಪುವ ಆಘಾತವನ್ನು ತಗ್ಗಿಸುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ಪರೀಕ್ಷಿಸುವಾಗ ಕೃತಕ ತಲೆಯೊಂದಕ್ಕೆ ತೊಡಿಸಿ ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿ.ಮೀ. ಆಗಿರುತ್ತದೆ. ಸೈಕಲ್ಲಿನಿಂದ ಆಯತಪ್ಪಿ ಬಿದ್ದವನ ತಲೆ ರಸ್ತೆಗೆ ಬಡಿಯುವ ಪರಿಸ್ಥಿತಿಗೆ ಇದು ಸರಿಯಾಗಿ ಹೊಂದುತ್ತದೆ. ವಿಕ್ಟೋರಿಯಾದ ಊರೊಳಗಿನ ರಸ್ತೆಗಳ ಸಾಮಾನ್ಯ ವೇಗಮಿತಿ 2001ರ ಜನವರಿಯವರೆಗೂ 60 ಕಿ.ಮೀ. ಇತ್ತು, ಬಳಿಕ 50ಕ್ಕೆ ಇಳಿಯಿತು. ಚಲಿಸುವ ವಾಹನದ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, 60ರ ವೇಗದ ಕಾರಿನಲ್ಲಿ 30ರ ವೇಗದ ಕಾರಿಗಿಂತ ನಾಲ್ಕು ಪಟ್ಟು ಶಕ್ತಿಯಿರುತ್ತದೆ. ಆ ಗಾತ್ರದ ಹೊಡೆತವನ್ನು ಎದುರಿಸಲೆಂದು ಯಾರೂ ಆ ನೊರೆಯನ್ನು ತಯಾರಿಸಿಲ್ಲ.

ಹೆಲ್ಮೆಟ್ ಪೆಟ್ಟು ಬಿದ್ದ ಮೇಲೆ ಕೆಲಸ ಮಾಡುತ್ತದೆ. ಪೆಟ್ಟೇ ಬೀಳದಂತೆ ತಡೆಯುವ ಶಕ್ತಿ ವೇಗದ ಮೇಲೆ, ಅಂತರದ ಮೇಲೆ, ರಸ್ತೆಯ ವಿನ್ಯಾಸದ ಮೇಲೆ ನಿಂತಿದೆ, ಅಂದರೆ ಚಾಲಕ ಮತ್ತು ಸರ್ಕಾರದ ಕೈಯಲ್ಲಿದೆ. ತನ್ನ ತಲೆಯನ್ನು ರಕ್ಷಿಸಿಕೊಳ್ಳುವ ಹೊಣೆ ಸವಾರನಿಗಿದೆ ಎಂದು ಒಪ್ಪಿದರೂ, ಒಂದೂವರೆ ಟನ್ ತೂಕದ ಯಂತ್ರವನ್ನು ಅವನ ಪಕ್ಕದಲ್ಲಿ ಓಡಿಸುವವನ ಹೊಣೆ ಅದಕ್ಕಿಂತ ದೊಡ್ಡದಾಗಿರಲೇಬೇಕು, ಏಕೆಂದರೆ ಅಪಾಯವನ್ನು ರಸ್ತೆಗೆ ತಂದವನು ಅವನು.

ಅಂತರದ ನಿಯಮಕ್ಕಾಗಿ ಕಾದದ್ದು

2005ರ ಜುಲೈನಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ತಂಡದ ಸೈಕಲ್ ಸ್ಪರ್ಧಿ ಏಮಿ ಜಿಲೆಟ್ ಜರ್ಮನಿಯಲ್ಲಿ ಸಹಸ್ಪರ್ಧಿಗಳೊಂದಿಗೆ ಅಭ್ಯಾಸ ಮಾಡುತ್ತಿದ್ದಾಗ, ಹೊಸದಾಗಿ ಪರವಾನಗಿ ಪಡೆದಿದ್ದ ಚಾಲಕಿಯೊಬ್ಬರ ಕಾರು ನುಗ್ಗಿ ಸಾವಿಗೀಡಾದರು. ಅವರ ಹೆಸರಿನಲ್ಲಿ ಸ್ಥಾಪನೆಯಾದ ಪ್ರತಿಷ್ಠಾನ ಒಂದು ಮೀಟರ್ ಅಂತರದ ನಿಯಮಕ್ಕಾಗಿ ರಾಜ್ಯದಿಂದ ರಾಜ್ಯಕ್ಕೆ ಅಲೆಯಿತು. ಕ್ವೀನ್ಸ್‌ಲ್ಯಾಂಡ್ 2014ರ ಏಪ್ರಿಲ್‌ನಲ್ಲಿ ಅದನ್ನು ಪ್ರಾಯೋಗಿಕವಾಗಿ ಜಾರಿಗೆ ತಂದಿತು. ಅದಕ್ಕೆ ಮುಂಚೆ ಅಲ್ಲಿನ ಶಾಸನಸಭಾ ಸಮಿತಿ ಅಂತರದ ನಿಯಮದ ಜೊತೆಗೇ, 16 ದಾಟಿದವರಿಗೆ ಸೈಕಲ್ ಪಥಗಳಲ್ಲೂ ಕಡಿಮೆ ವೇಗದ ರಸ್ತೆಗಳಲ್ಲೂ ಹೆಲ್ಮೆಟ್ ವಿನಾಯಿತಿಯನ್ನು ಪ್ರಯೋಗ ಮಾಡಿ ನೋಡಬೇಕೆಂದೂ ಶಿಫಾರಸು ಮಾಡಿತ್ತು. ಸರ್ಕಾರ ಎರಡನೆಯದನ್ನು ತಳ್ಳಿಹಾಕಿತು.

ನ್ಯೂ ಸೌತ್ ವೇಲ್ಸ್‌ನಲ್ಲಿ ನಡೆದದ್ದು ನನಗೆ ಇಡೀ ಪ್ರಕರಣದಲ್ಲೇ ಹೆಚ್ಚು ಕಸಿವಿಸಿಯ ಸಂಗತಿ. 2016ರ ಮಾರ್ಚ್ 1ರಂದು ಆ ರಾಜ್ಯ ಅಂತರದ ನಿಯಮ ತಂದು, ಅದನ್ನು ಮುರಿದ ಚಾಲಕನಿಗೆ 319 ಡಾಲರ್ ದಂಡವನ್ನೂ ಪರವಾನಗಿಯಲ್ಲಿ ಎರಡು ದೋಷಾಂಕಗಳನ್ನೂ ವಿಧಿಸಿತು. ಅದೇ ದಿನ ಹೆಲ್ಮೆಟ್ ಇಲ್ಲದ ಸವಾರನ ದಂಡವನ್ನು 71 ಡಾಲರಿನಿಂದ 319 ಡಾಲರಿಗೆ ಏರಿಸಿತು. ಇನ್ನೊಬ್ಬರ ಜೀವವನ್ನು ಅಪಾಯಕ್ಕೆ ಒಡ್ಡಿದವನಿಗೂ ತನ್ನ ತಲೆಯನ್ನಷ್ಟೇ ಅಪಾಯಕ್ಕೆ ಒಡ್ಡಿಕೊಂಡವನಿಗೂ ಸಮಾನ ದಂಡ. ಎರಡೂ ಕಡೆಗೆ ನ್ಯಾಯವೆಂದು ತೋರಿಸಲು ಹೀಗೆ ಮಾಡಿರಬಹುದು, ಆದರೆ ಎರಡು ತಪ್ಪುಗಳ ತೂಕ ಒಂದೇ ಅಲ್ಲದಿರುವಾಗ ಸಮಾನ ದಂಡವನ್ನು ನ್ಯಾಯವೆಂದು ಕರೆಯುವುದು ಕಷ್ಟ.

ವಿಕ್ಟೋರಿಯಾ ಈ ವಿಷಯದಲ್ಲಿ ಮೊದಲಿಗನಾಗದೆ ದೇಶದ ಇತರ ರಾಜ್ಯಗಳ ಹಿಂದೆ ಉಳಿಯಿತು. ಏನನ್ನೂ ಮಾಡಲಿಲ್ಲವೆಂದಲ್ಲ. ನಿಲ್ಲಿಸಿದ ಕಾರಿನ ಬಾಗಿಲನ್ನು ಹಿಂದೆ ನೋಡದೆ ತೆರೆದು ಸವಾರರನ್ನು ಕೆಡಹುವವರ ದಂಡವನ್ನು 2012ರಲ್ಲಿ ಹೆಚ್ಚಿಸಿತು. ಆದರೂ ಅಂತರದ ನಿಯಮಕ್ಕೆ ಇನ್ನೂ ಒಂಬತ್ತು ವರ್ಷ ಹಿಡಿಯಿತು. ಅದು ಬರುವ ಮೊದಲು, 2019ರಲ್ಲಿ ಪ್ರಕಟವಾದ ಮೋನಾಶ್ ವಿಶ್ವವಿದ್ಯಾಲಯದ ಸಂಶೋಧಕರ ಒಂದು ಅಳತೆ ಈ ಚರ್ಚೆಗೆ ಗಟ್ಟಿ ನೆಲ ಒದಗಿಸಿತು. ಮೆಲ್ಬರ್ನಿನ 60 ಸವಾರರ ಸೈಕಲ್ಲುಗಳಿಗೆ ಅಂತರ ಅಳೆಯುವ ಉಪಕರಣ ಕಟ್ಟಿ, ವಾಹನಗಳು ಅವರನ್ನು ಹಿಂದಿಕ್ಕಿದ 18,527 ಸಂದರ್ಭಗಳನ್ನು ದಾಖಲಿಸಿದಾಗ, ಹದಿನೇಳರಲ್ಲಿ ಒಂದು ವಾಹನ ಒಂದು ಮೀಟರಿಗಿಂತ ಹತ್ತಿರದಲ್ಲಿ ಹಾದುಹೋಗಿತ್ತು. ರಸ್ತೆಯ ಮೇಲೆ ಬಿಳಿ ಗೆರೆ ಎಳೆದು ಸೈಕಲ್ ಪಥವೆಂದು ಗುರುತಿಸಿದ ಕಡೆಗಳಲ್ಲಿ ವಾಹನಗಳು ಇನ್ನೂ ಹತ್ತಿರ ಬಂದಿದ್ದವು. ಪಥದ ಇನ್ನೊಂದು ಬದಿಗೆ, ರಸ್ತೆಯಂಚಿನಲ್ಲಿ, ಕಾರುಗಳನ್ನು ನಿಲ್ಲಿಸಿದ್ದ ಕಡೆ ಈ ವ್ಯತ್ಯಾಸ ಸರಾಸರಿ 40 ಸೆಂಟಿಮೀಟರಿನಷ್ಟಿತ್ತು. ಗೆರೆಯ ಆಚೆಗಿರುವುದು ತನ್ನ ಜಾಗ, ಈಚೆಗಿರುವವನ ಬಗ್ಗೆ ಯೋಚಿಸಬೇಕಾಗಿಲ್ಲ ಎಂದು ಚಾಲಕನಿಗೆ ಅನಿಸುತ್ತದೆಯೆಂಬುದು ಇದಕ್ಕೆ ಸಹಜವಾದ ವಿವರಣೆ. ಬಣ್ಣ ಬಳಿದು ಕರ್ತವ್ಯ ಮುಗಿಸುವ ನಗರಪಾಲಿಕೆಗಳೆಲ್ಲ ಈ ಒಂದು ಅಂಕಿಯನ್ನು ಓದಬೇಕು.

ಅದೇ ವರ್ಷ ಆಸ್ಟ್ರೇಲಿಯಾದ ಮೂರು ರಾಜ್ಯಗಳ 442 ಮಂದಿಯನ್ನು ಪ್ರಶ್ನಿಸಿದ ಇನ್ನೊಂದು ಅಧ್ಯಯನದಲ್ಲಿ, ಸೈಕಲ್ ತುಳಿಯದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸೈಕಲ್ ಸವಾರರನ್ನು ಪೂರ್ಣ ಮನುಷ್ಯರಿಗಿಂತ ಕೆಳಗಿನ ಸ್ಥಾನದಲ್ಲಿಟ್ಟು ಗುರುತಿಸಿದರು. ಹಾಗೆ ಕಾಣುವವರು ಸವಾರರ ಮೇಲೆ ಕೂಗಾಡುವುದು, ಬೇಕೆಂದೇ ಅಡ್ಡಗಟ್ಟುವುದು ಹೆಚ್ಚೆಂದೂ ಆ ಅಧ್ಯಯನ ಗುರುತಿಸಿತು. ಸವಾರನ ಕೂದಲನ್ನು ಮರೆಮಾಡುವ ಹೆಲ್ಮೆಟ್ ಈ ಅನ್ಯಭಾವವನ್ನು ಇನ್ನಷ್ಟು ಹೆಚ್ಚಿಸುತ್ತದೆಯೇ ಎಂದು 2023ರಲ್ಲಿ ಪರೀಕ್ಷಿಸಿದವರಿಗೆ ಹೌದೆಂಬ ಉತ್ತರವೇ ದೊರೆಯಿತು. ಇದರಿಂದ ಹೆಲ್ಮೆಟ್ ಕಳಚಿಡಬೇಕೆಂದೇನೂ ಆಗುವುದಿಲ್ಲ. ಸವಾರನಿಗೆ ಕವಚ ತೊಡಿಸಿದ ಮಾತ್ರಕ್ಕೆ ಚಾಲಕನ ಮನಸ್ಸಿನಲ್ಲಿ ಹೊಣೆ ಹುಟ್ಟುವುದಿಲ್ಲ ಎಂಬುದು ಮಾತ್ರ ಇದರಿಂದ ಸ್ಪಷ್ಟ.

ನೆದರ್ಲೆಂಡ್ಸ್ ಹಿಡಿದ ದಾರಿ

1971ರಲ್ಲಿ ನೆದರ್ಲೆಂಡ್ಸ್‌ನ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಕ್ಕಳ ಕೊಲೆ ನಿಲ್ಲಿಸಿ ಎಂಬ ಕೂಗಿನೊಂದಿಗೆ ತಂದೆತಾಯಿಗಳು ಬೀದಿಗಿಳಿದ ನಂತರ ಆ ದೇಶ ಸೈಕಲ್ಲಿಗೆ ಬೇರೆಯೇ ಪಥ ಕಟ್ಟಿತು, ವಸತಿ ಬೀದಿಗಳ ವೇಗವನ್ನು ತಗ್ಗಿಸಿತು. ಅಲ್ಲಿನ ಸಂಚಾರ ಕಾನೂನಿನ 185ನೆಯ ವಿಧಿಯಂತೆ, ಮೋಟಾರು ವಾಹನ ಸೈಕಲ್ ಸವಾರನಿಗೆ ಗುದ್ದಿದರೆ ತನ್ನಿಂದ ತಪ್ಪಿಸಲು ಸಾಧ್ಯವೇ ಇರಲಿಲ್ಲವೆಂದು ಚಾಲಕನ ಕಡೆಯವರು ಸಾಬೀತುಪಡಿಸದ ಹೊರತು ಪರಿಹಾರದ ಹೊಣೆ ಅವರದೇ. ಸವಾರ 14 ವರ್ಷದೊಳಗಿನ ಮಗುವಾಗಿದ್ದರೆ ಪೂರ್ತಿ ನಷ್ಟವನ್ನು, ದೊಡ್ಡವನಾಗಿದ್ದರೆ ಅವನದೇ ತಪ್ಪಿದ್ದರೂ ಕನಿಷ್ಠ ಅರ್ಧವನ್ನು ತುಂಬಿಕೊಡಬೇಕೆಂದು ನ್ಯಾಯಾಲಯಗಳು ನಿಗದಿಪಡಿಸಿವೆ. ಅಲ್ಲಿ ಹೆಲ್ಮೆಟ್ ಧರಿಸುವವರು ಅಪರೂಪ. ಈ ಚಿತ್ರದಲ್ಲಿ ಎಲ್ಲವೂ ಸರಿಯಿದೆಯೆಂದು ಹೇಳುವಂತಿಲ್ಲ: 2022ರಲ್ಲಿ ಅಲ್ಲಿ 291 ಸೈಕಲ್ ಸವಾರರು ಸತ್ತರು, ಅವರಲ್ಲಿ ವೃದ್ಧರೇ ಹೆಚ್ಚು, ವಿದ್ಯುತ್ ಸೈಕಲ್ಲಿನಿಂದ ಬಿದ್ದವರೂ ಅನೇಕರು. ಅಲ್ಲಿನ ವೈದ್ಯರು ಈಗ ಸ್ವಯಂಪ್ರೇರಿತವಾಗಿ ಹೆಲ್ಮೆಟ್ ಧರಿಸಿ ಎಂದು ಒತ್ತಾಯಿಸುತ್ತಿರುವುದು ನ್ಯಾಯವಾಗಿಯೇ ಇದೆ.

ಇಂದಿನ ಮೆಲ್ಬರ್ನ್

2010ರಲ್ಲಿ ಆರಂಭವಾದ ಮೆಲ್ಬರ್ನಿನ ಬಾಡಿಗೆ ಸೈಕಲ್ ಯೋಜನೆ ನಿರೀಕ್ಷಿಸಿದಷ್ಟು ಸವಾರರನ್ನು ಕಾಣದೆ 2019ರ ನವೆಂಬರ್‌ನಲ್ಲಿ ಮುಚ್ಚಿತು. ಹೆಲ್ಮೆಟ್ಟನ್ನು ಅಂಗಡಿಗಳಲ್ಲಿ ಐದು ಡಾಲರಿಗೆ ಮಾರಿ, ಸೈಕಲ್ಲುಗಳ ಜೊತೆಯಲ್ಲೇ ಪುಕ್ಕಟೆಯಾಗಿ ಇಟ್ಟು ನೋಡಿದರೂ, ನಿಂತಲ್ಲೇ ಸೈಕಲ್ ಹಿಡಿದು ಹೊರಡುವವರಿಗೆ ಅದು ತೊಡಕಾಗಿಯೇ ಉಳಿಯಿತು.

ಕನ್ನಡಿಗರಿಗೂ ಈ ನಗರ ದೂರದ್ದಲ್ಲ. ಓದಲೆಂದು ಅಲ್ಲಿಗೆ ಹೋಗುವ ನಮ್ಮ ಹುಡುಗರಲ್ಲಿ ಕೆಲವರು ಸಂಜೆ ಸೈಕಲ್ ಮೇಲೆ ಊಟದ ಪೊಟ್ಟಣ ತಲುಪಿಸಿ ಖರ್ಚು ಸರಿದೂಗಿಸುತ್ತಾರೆ. ನಮ್ಮ ದೇಶದ 1988ರ ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು ದ್ವಿಚಕ್ರ ಮೋಟಾರು ವಾಹನಕ್ಕೆ ಮಾತ್ರ ಹೆಲ್ಮೆಟ್ ವಿಧಿಸುವುದರಿಂದ, ಊರಿನಲ್ಲಿ ಸೈಕಲ್ಲಿಗೆ ಹೆಲ್ಮೆಟ್ ಹಾಕಿ ಅಭ್ಯಾಸವಿಲ್ಲದ ಅವರಿಗೆ ಅಲ್ಲಿನ ನಿಯಮ ಹೊಸದು. 200 ಡಾಲರಿಗೂ ಹೆಚ್ಚಿನ ದಂಡ ಎಂದರೆ ಅವರ ಹಲವು ಸಂಜೆಗಳ ದುಡಿಮೆ. 2020ರ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಆಸ್ಟ್ರೇಲಿಯಾದಲ್ಲಿ ಆಹಾರ ತಲುಪಿಸುವ ಐವರು ರಸ್ತೆಯಲ್ಲಿ ಪ್ರಾಣ ಕಳೆದುಕೊಂಡರು, ಒಬ್ಬರು ಮೆಲ್ಬರ್ನಿನಲ್ಲಿ, ಉಳಿದವರು ಸಿಡ್ನಿಯಲ್ಲಿ. ಏಷ್ಯಾದ ದೇಶಗಳಿಂದ ದುಡಿಯಲು ಹೋದವರು ಅವರು. ಅಲ್ಲಿಗೆ ಹೊರಟು ನಿಂತ ತಮ್ಮನಿಗೋ ತಂಗಿಗೋ ನಾನು ಹೇಳುವುದು ಹೆಲ್ಮೆಟ್ ಧರಿಸಿ ಎಂದೇ, ಪೊಲೀಸರ ಭಯಕ್ಕಲ್ಲ, ಬಿದ್ದಾಗ ಅದು ತಲೆ ಉಳಿಸುತ್ತದೆ ಎಂಬ ಕಾರಣಕ್ಕೆ. ಜೊತೆಗೆ, ವಾಹನ ಗುದ್ದಿದರೆ ಚಿಕ್ಕ ಗಾಯವಾದರೂ ಪೊಲೀಸರಿಗೆ ತಿಳಿಸಬೇಕು, ಅಪಘಾತ ಆಯೋಗಕ್ಕೆ ಅರ್ಜಿ ಹಾಕಬೇಕು. ತಪ್ಪು ಯಾರದೆಂದು ತೀರ್ಮಾನವಾಗುವವರೆಗೆ ಚಿಕಿತ್ಸೆಯ ವೆಚ್ಚಕ್ಕಾಗಿ ಕಾಯಬೇಕಾಗಿಲ್ಲ.

ವಿಕ್ಟೋರಿಯಾದ ಮುಂದೆ ಈಗ ಉಳಿದಿರುವ ಕೆಲಸದ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಮಕ್ಕಳಿಗೆ ಹೆಲ್ಮೆಟ್ ನಿಯಮವನ್ನು ಉಳಿಸಿಕೊಳ್ಳಬೇಕು. ವಾಹನಗಳಿಂದ ಬೇರ್ಪಟ್ಟ ಪಥಗಳಲ್ಲಿ ವಯಸ್ಕರಿಗೆ ಉತ್ತರ ಪ್ರಾಂತ್ಯ ಕೊಟ್ಟಂಥ ವಿನಾಯಿತಿ ಕೊಟ್ಟು, ಸವಾರರ ಸಂಖ್ಯೆಯೂ ಗಾಯಗಳ ಸಂಖ್ಯೆಯೂ ಹೇಗೆ ಬದಲಾಗುತ್ತವೆಂದು ಈ ಬಾರಿ ಸರಿಯಾಗಿ ಎಣಿಸಬೇಕು. ಅಂತರದ ನಿಯಮವನ್ನು ಪೊಲೀಸರು ಅಳತೆ ಮಾಡಿ ಜಾರಿಗೊಳಿಸಬೇಕು, ಏಕೆಂದರೆ ಹೆಲ್ಮೆಟ್ ಇಲ್ಲದ ತಲೆ ನೂರು ಹೆಜ್ಜೆ ದೂರದಿಂದ ಕಾಣುತ್ತದೆ, ಒಂದು ಮೀಟರಿಗೆ ಹದಿನೈದು ಸೆಂಟಿಮೀಟರ್ ಕಡಿಮೆ ಬಿಟ್ಟ ಕಾರು ಬರಿಗಣ್ಣಿಗೆ ಕಾಣುವುದಿಲ್ಲ. ಸುಲಭವಾಗಿ ಕಾಣುವ ತಪ್ಪನ್ನೇ ಹಿಡಿಯುತ್ತಾ ಹೋದರೆ ದಂಡದ ಪುಸ್ತಕದಲ್ಲಿ ಸವಾರರ ಹೆಸರುಗಳೇ ತುಂಬುತ್ತವೆ. ಎಲ್ಲಕ್ಕಿಂತ ಮೊದಲು ವಸತಿ ಬೀದಿಗಳ ವೇಗ ಇಳಿಯಬೇಕು. ಮೆಲ್ಬರ್ನಿನ ಯಾರ್ರಾ ನಗರಪಾಲಿಕೆ 2018ರಲ್ಲಿ ಫಿಟ್ಜ್‌ರಾಯ್ ಮತ್ತು ಕಾಲಿಂಗ್‌ವುಡ್ ಬಡಾವಣೆಗಳ ಒಳರಸ್ತೆಗಳಲ್ಲಿ 30 ಕಿ.ಮೀ. ಮಿತಿಯ ಪ್ರಯೋಗ ಆರಂಭಿಸಿತು. ರಾಜ್ಯದ ಉಳಿದ ವಸತಿ ಬೀದಿಗಳಿಗೂ ಅದು ಬರಬೇಕು.